ಮಾವನ ಕೈಯೊಳಗಿನ ಪ್ಲಾಸ್ಟಿಕ್ ನಾಳ

ಭಾಗ 1

ಫೋಟೋದಲ್ಲಿರೋದು ನಮ್ಮ ಮಾವನ ಬಲಗೈ. ಕೇಳಿಯೇ ಹಾಕಿದ್ದೀನಿ. "ಮುಖ ಬೇಡ ಕಣೋ, ಕೈ ಆದ್ರೆ ಹಾಕ್ಕೋ" ಅಂದರು.

ಮೊಣಕೈ ಕೆಳಗೆ ಚರ್ಮದಡಿ ಲಾಳದ ಆಕಾರದಲ್ಲಿ ಏನೋ ಉಬ್ಬಿಕೊಂಡಿದೆಯಲ್ಲ, ಅದು ಅವರ ನರ ಅಲ್ಲ. ಪ್ಲಾಸ್ಟಿಕ್ ಕೊಳವೆ. ಡಾಕ್ಟರ್‌ಗಳು ಗ್ರಾಫ್ಟ್ ಅಂತಾರೆ. ಮೇಲೆ ಬೆರಳಿಟ್ಟರೆ ಸೈಲೆಂಟ್ ಮೋಡ್‌ನಲ್ಲಿರೋ ಫೋನ್ ಥರ ಗುರ್ ಅನ್ನುತ್ತೆ. ಮಾವನಿಗೆ ಎರಡು ಕಿಡ್ನಿಯೂ ಕೆಲಸ ಮಾಡ್ತಿಲ್ಲ. ವಾರಕ್ಕೆ 3 ದಿನ, ದಿನಕ್ಕೆ 4 ಗಂಟೆ ಡಯಾಲಿಸಿಸ್. ಪ್ರತಿ ಸಲ ಆ ಕೊಳವೆಗೆ 2 ಸೂಜಿ. ಒಂದರಿಂದ ರಕ್ತ ಮೆಷಿನ್‌ಗೆ ಹೋಗುತ್ತೆ, ಇನ್ನೊಂದರಿಂದ ಶುದ್ಧವಾಗಿ ವಾಪಸ್ ಬರುತ್ತೆ. ಲೆಕ್ಕ ಹಾಕಿ: 2 × 3 × 52. ವರ್ಷಕ್ಕೆ 312 ತೂತು.

ಎಡಗೈಯಲ್ಲೂ ಇಂಥದ್ದೇ ಒಂದಿತ್ತು. ಈಗ ಅಲ್ಲಿ ಉದ್ದ ಗಾಯದ ಗುರುತು ಮಾತ್ರ. ಹೋದ ಮಳೆಗಾಲದಲ್ಲಿ ಆ ಕೈ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಯ್ತು. ಸೊಳ್ಳೆಯೋ ಇರುವೆಯೋ ಕಚ್ಚಿರಬೇಕು ಅಂದುಕೊಂಡು ಅಮ್ಮ ಅರಿಶಿನ ಹಚ್ಚಿದರು. ಮೂರನೇ ದಿನ ರಾತ್ರಿ ಎರಡು ರಗ್ಗು ಹೊದ್ದರೂ ಮಾವ ಗಡಗಡ ನಡುಗ್ತಿದ್ರು. ಸೋಂಕು ಕೊಳವೆಗೆ ಹತ್ತಿ ರಕ್ತಕ್ಕೂ ಇಳಿದಿತ್ತು. ಕೈ ಕುಯ್ದು ಕೊಳವೆ ತೆಗೆದರು. ಮಾವ ಉಳಿದರು, ಆದರೆ "ಇನ್ನೊಂದು ದಿನ ತಡವಾಗಿದ್ರೆ" ಅಂತ ಡಾಕ್ಟರ್ ಅರ್ಧಕ್ಕೇ ನಿಲ್ಲಿಸಿದ ಮಾತು ನನಗೆ ಈಗಲೂ ನೆನಪಿದೆ.

ನಾನು ಬಿಕಾಂ ಹುಡುಗ. ಮೆಡಿಸಿನ್ ಗೊತ್ತಿಲ್ಲ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಮನುಷ್ಯನ ಕೈಯೊಳಗೆ ಪ್ಲಾಸ್ಟಿಕ್ ಯಾಕೆ ಇಟ್ಟರು? ಇಟ್ಟಮೇಲೆ ನಂಜು ಹುಡುಕಿಕೊಂಡು ಅದರ ಹತ್ತಿರವೇ ಯಾಕೆ ಬರುತ್ತೆ? ಓದ್ತಾ ಹೋದ ಹಾಗೆ ಇದೊಂದು ದೊಡ್ಡ ಕಥೆ ಅಂತ ಗೊತ್ತಾಯ್ತು. 10 ಪೋಸ್ಟ್ ಆಗುತ್ತೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2

1938, ನೆದರ್ಲೆಂಡ್ಸ್‌ನ ಗ್ರೋನಿಂಗನ್. ವಿಲೆಮ್ ಕೋಲ್ಫ್ ಅನ್ನೋ ಯುವ ಡಾಕ್ಟರ್ ಕಣ್ಣೆದುರೇ 22 ವರ್ಷದ ಹುಡುಗನೊಬ್ಬ ಕಿಡ್ನಿ ಕೆಟ್ಟು ಸತ್ತ. ಅಂದರೆ ನಮ್ಮ ಕ್ಲಾಸಿನ ಸೀನಿಯರ್ ವಯಸ್ಸು. ದಿನಾ ಸ್ವಲ್ಪ ಯೂರಿಯಾ ತೆಗೆಯೋಕೆ ಆಗಿದ್ರೆ ಇವನು ಬದುಕ್ತಿದ್ದನಲ್ಲ ಅನ್ನೋ ಯೋಚನೆ ಕೋಲ್ಫ್‌ಗೆ ಅಲ್ಲೇ ಹತ್ತಿಕೊಂಡಿತು.

ಅಷ್ಟರಲ್ಲಿ ಯುದ್ಧ ಬಂತು. ದೇಶ ಜರ್ಮನರ ಕೈಯಲ್ಲಿ. ಕಾಂಪನ್ ಅನ್ನೋ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೂತು ಕೋಲ್ಫ್ ಮರದ ಪಟ್ಟಿಗಳ ಡ್ರಮ್ ಮಾಡಿಸಿದರು. ಅದಕ್ಕೆ ಸುತ್ತಿದ್ದು ಮಾಂಸದ ಸಾಸೇಜಿಗೆ ಹೊದಿಸೋ ಸೆಲ್ಲೋಫೇನ್ ಕೊಳವೆ. ಅದರೊಳಗೆ ರಕ್ತ ಹರಿಸಿ, ಉಪ್ಪು ನೀರಿನ ತೊಟ್ಟಿಯಲ್ಲಿ ಡ್ರಮ್ ತಿರುಗಿಸಿದರೆ ರಕ್ತದ ಕೊಳೆ ನೀರಿಗೆ ಸೋರುತ್ತೆ. ಅದಕ್ಕೂ ಮೊದಲು 1924ರಲ್ಲಿ ಜರ್ಮನಿಯ ಗೀಸನ್‌ನಲ್ಲಿ ಗೇಯಾರ್ಗ್ ಹಾಸ್ ಮನುಷ್ಯನ ಮೇಲೆ ಡಯಾಲಿಸಿಸ್ ಪ್ರಯತ್ನಿಸಿದ್ದರು. ಆದರೆ ಯೂರಿಯಾ ಕಣ್ಣಿಗೆ ಕಾಣೋಷ್ಟು ಇಳಿಸಿದ ಮೆಷಿನ್ ಇದೇ.

1943ರಲ್ಲಿ ಕೋಲ್ಫ್ ಅದನ್ನ ಮೊದಲ ಸಲ ಬಳಸಿದ್ದು 29 ವರ್ಷದ ಮನೆಗೆಲಸದ ಹೆಣ್ಣುಮಗಳ ಮೇಲೆ. 12 ಸಲ ಡಯಾಲಿಸಿಸ್ ಮಾಡಿದರು. ಮೆಷಿನ್ ಕೆಲಸ ಮಾಡ್ತು. ಆದರೂ ಆಕೆ ಉಳಿಯಲಿಲ್ಲ. ಯಾಕೆ ಗೊತ್ತಾ? ಪ್ರತಿ ಸಲ ರಕ್ತ ತೆಗೆಯೋಕೆ ಒಂದು ನಾಳ ಕುಯ್ದು ಗಾಜಿನ ಕೊಳವೆ ಹಾಕಬೇಕು, ಮುಗಿದ ಮೇಲೆ ಆ ನಾಳ ಕಟ್ಟಿಬಿಡಬೇಕು. ಕಟ್ಟಿದ ನಾಳ ಮತ್ತೆ ಸಿಗಲ್ಲ. ಹನ್ನೆರಡು ಸಲ ಆಗೋಷ್ಟರಲ್ಲಿ ಕುಯ್ಯೋಕೆ ಜಾಗವೇ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಕಿಡ್ನಿ ಕೆಲಸ ಮಾಡೋ ಮೆಷಿನ್ ಕೈಯಲ್ಲಿದೆ, ದೇಹದೊಳಗೆ ಹೋಗೋ ಬಾಗಿಲು ಮಾತ್ರ ಇಲ್ಲ. ಮುಂದಿನ ಇಡೀ ಕಥೆ ಈ ಬಾಗಿಲಿನದೇ.

(1945ರ ಸೆಪ್ಟೆಂಬರ್‌ನಲ್ಲಿ 67 ವರ್ಷದ ಒಬ್ಬ ಮಹಿಳೆ ಇದೇ ಮೆಷಿನ್‌ನಿಂದ ಬದುಕಿದರು. ಅವರ ಕಿಡ್ನಿ ತಾತ್ಕಾಲಿಕವಾಗಿ ನಿಂತಿತ್ತಷ್ಟೇ, ಮತ್ತೆ ಚಾಲೂ ಆಯ್ತು. ಶಾಶ್ವತವಾಗಿ ಕೆಟ್ಟವರಿಗೆ ಮಾತ್ರ ದಾರಿ ಇರಲಿಲ್ಲ.)

ಭಾಗ 3

ಅದೇ 1938ರಲ್ಲಿ ಅಟ್ಲಾಂಟಿಕ್ ಆಚೆ ಇನ್ನೊಂದು ಘಟನೆ. ಅಮೆರಿಕದ ಡ್ಯೂಪಾಂಟ್ ಕಂಪನಿಯ ಲ್ಯಾಬಿನಲ್ಲಿ ರಾಯ್ ಪ್ಲಂಕೆಟ್ ಅನ್ನೋ ಕೆಮಿಸ್ಟ್ ಗ್ಯಾಸ್ ಸಿಲಿಂಡರ್ ತೆಗೆದರೆ ಗ್ಯಾಸೇ ಬರ್ತಿಲ್ಲ. ತೂಕ ಮಾತ್ರ ಹಾಗೇ ಇದೆ. ಗರಗಸದಿಂದ ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಯಾವುದೂ ಅಂಟದ, ಯಾವ ಆ್ಯಸಿಡ್‌ಗೂ ಜಗ್ಗದ ಪುಡಿ. ಅದೇ ಟೆಫ್ಲಾನ್. ನಿಮ್ಮನೆ ನಾನ್‌ಸ್ಟಿಕ್ ತವಾ ಮೇಲೆ ಇರೋದೂ ಅದೇ.

ಈಗ 1960, ಸಿಯಾಟಲ್ ನಗರ. ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನೋ ಡಾಕ್ಟರ್ ಹತ್ತಿರ ಒಬ್ಬ ಯುವಕ ಬಂದ. ಕಿಡ್ನಿ ತಾತ್ಕಾಲಿಕವಾಗಿ ನಿಂತಿರಬೇಕು ಅಂತ ಡಯಾಲಿಸಿಸ್ ಮಾಡಿದರು. ಹುಡುಗ ಎದ್ದು ಕೂತ. ಆಮೇಲೆ ಗೊತ್ತಾಯ್ತು, ಕಿಡ್ನಿ ಪೂರ್ತಿ ಹೋಗಿದೆ. ಎಷ್ಟು ಸಲ ಅಂತ ನಾಳ ಕುಯ್ಯೋದು? ಮನೆಗೆ ಕರ್ಕೊಂಡು ಹೋಗಿ ಅಂತ ಹೆಂಡತಿಗೆ ಹೇಳಬೇಕಾಯ್ತು. ಸಾಯೋಕೆ ಕಳಿಸಿದ ಹಾಗೇ ಅದು.

ಸ್ಕ್ರಿಬ್ನರ್‌ಗೆ ಅದು ಮರೆಯೋಕೆ ಆಗಲಿಲ್ಲ. ಒಂದು ರಾತ್ರಿ ನಿದ್ದೆಯಿಂದ ಎದ್ದಾಗ ಐಡಿಯಾ ಹೊಳೀತು. ಕೊಳವೆಯನ್ನ ತೆಗೆಯೋದೇ ಬೇಡ. ಒಂದು ತುದಿ ಅಪಧಮನಿಯಲ್ಲಿ, ಇನ್ನೊಂದು ತುದಿ ಅಭಿಧಮನಿಯಲ್ಲಿ, ಹೊರಗೆ U ಆಕಾರದ ಜೋಡಣೆ. (ಹತ್ತನೇ ಕ್ಲಾಸ್ ವಿಜ್ಞಾನ: ಅಪಧಮನಿ ಹೃದಯದಿಂದ ರಕ್ತ ತರೋದು, ಅಭಿಧಮನಿ ವಾಪಸ್ ಒಯ್ಯೋದು. ನಾವು ಮಾತಲ್ಲಿ ಎರಡಕ್ಕೂ ನರ ಅಂದುಬಿಡ್ತೀವಿ.) ಡಯಾಲಿಸಿಸ್ ಇಲ್ಲದಾಗಲೂ ರಕ್ತ ಆ U ಒಳಗೆ ಓಡ್ತಾನೇ ಇರುತ್ತೆ, ಹಾಗಾಗಿ ಬೇಗ ಹೆಪ್ಪುಗಟ್ಟಲ್ಲ. ಯಾವ ವಸ್ತುವಿಂದ ಮಾಡೋದು? ಏನೂ ಅಂಟದ ಟೆಫ್ಲಾನ್! ಅದನ್ನ ಬಗ್ಗಿಸಿ ರೂಪ ಕೊಟ್ಟಿದ್ದು ವೇಯ್ನ್ ಕ್ವಿಂಟನ್, ಅದೇ ಯೂನಿವರ್ಸಿಟಿಯ ಉಪಕರಣಗಳ ಎಂಜಿನಿಯರ್.

1960ರ ಮಾರ್ಚ್ 9ರಂದು ಬೋಯಿಂಗ್ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್ ಕೈಗೆ ಅದನ್ನ ಹಾಕಿದರು. ವಯಸ್ಸು 39. ಕೆಲವೇ ದಿನ ಇದೆ ಅಂತಿದ್ದ ಮನುಷ್ಯ ಇನ್ನೂ 11 ವರ್ಷ ಬದುಕಿದ.

ಭಾಗ 4

ಬಾಗಿಲು ಸಿಕ್ತು, ಸರಿ. ಆದರೆ ಹಗಲೂ ರಾತ್ರಿ ತೆರೆದೇ ಇರೋ ಬಾಗಿಲು.

ಯೋಚಿಸಿ. ಕೊಳವೆ ಚರ್ಮ ತೂರಿ ಹೊರಗೆ ಬಂದಿದೆ. ಚರ್ಮ ಅನ್ನೋದು ನಮ್ಮ ಕೋಟೆ ಗೋಡೆ, ಅದರಲ್ಲಿ ಎರಡು ಕಾಯಂ ಕಿಂಡಿ. ಗಾಯ ಅಂದರೆ ನಾಲ್ಕು ದಿನಕ್ಕೆ ಮುಚ್ಚಿಕೊಳ್ಳಬೇಕು, ಇದು ಮುಚ್ಚೋ ಹಾಗೇ ಇಲ್ಲ. ಸ್ನಾನ ಕಷ್ಟ, ಮಲಗೋದು ಕಷ್ಟ, ಎಲ್ಲಾದರೂ ಸಿಕ್ಕಿಕೊಂಡು ಕಿತ್ತು ಬಂದರೆ ರಕ್ತ ಚಿಮ್ಮುತ್ತೆ. ಆಮೇಲೆ ಟೆಫ್ಲಾನ್ ಜೊತೆ ಮೆತ್ತಗಿರೋ ಸಿಲಿಕೋನ್ ರಬ್ಬರ್ ಸೇರಿಸಿ ಸುಧಾರಿಸಿದರು. ಆದರೂ ಹೆಪ್ಪುಗಟ್ಟೋದು ಮತ್ತು ಸೋಂಕು, ಈ ಎರಡು ಬಿಡಲಿಲ್ಲ. ಒಂದು ಜಾಗದಲ್ಲಿ ಕೆಟ್ಟರೆ ಇನ್ನೊಂದು ಜಾಗ. ಕೈ ಮುಗಿದರೆ ಕಾಲು. ಕಾಂಪನ್‌ನ ಆ ಹೆಣ್ಣುಮಗಳ ಸಮಸ್ಯೆ ನಿಧಾನವಾಗಿ ವಾಪಸ್ ಬಂತು ಅಷ್ಟೇ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1962ರಲ್ಲಿ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಸೆಂಟರ್ ಶುರುವಾಯ್ತು. ಬೇಕಾದವರು ಬಹಳ, ಬೆಡ್ ಬೆರಳೆಣಿಕೆ. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸೋಕೆ 7 ಜನರ ಸಮಿತಿ ಮಾಡಿದರು: ಪಾದ್ರಿ, ವಕೀಲ, ಗೃಹಿಣಿ, ಬ್ಯಾಂಕರ್, ಕಾರ್ಮಿಕ ಮುಖಂಡ, ಸರ್ಕಾರಿ ಅಧಿಕಾರಿ, ಸರ್ಜನ್. ಹೆಸರು ಗುಟ್ಟು. ಮದುವೆ ಆಗಿದೆಯಾ, ಮಕ್ಕಳೆಷ್ಟು, ಆದಾಯ ಎಷ್ಟು, ಚರ್ಚಿಗೆ ಹೋಗ್ತಾರಾ ಅಂತೆಲ್ಲ ನೋಡಿ ಯಾರು ಬದುಕಬೇಕು ಅಂತ ಆರಿಸಿದರು. ಪತ್ರಕರ್ತೆ ಶಾನಾ ಅಲೆಗ್ಸಾಂಡರ್ ಅದೇ ವರ್ಷ ನವೆಂಬರ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಇದನ್ನ ಬರೆದಾಗ ದೇಶವೇ ಬೆಚ್ಚಿಬಿತ್ತು. ಕೊರತೆ ಇದ್ದಾಗ ಸಂಪನ್ಮೂಲ ಹೇಗೆ ಹಂಚೋದು ಅಂತ ನಾವು ಎಕನಾಮಿಕ್ಸ್ ಕ್ಲಾಸಲ್ಲಿ ಗ್ರಾಫ್ ಬರೀತೀವಲ್ಲ, ಅದರ ನಿಜವಾದ ರೂಪ ಇದು.

ಭಾಗ 5

ಈ ಪೋಸ್ಟ್ ನನಗೆ ತುಂಬಾ ಇಷ್ಟ.

ಜೇಮ್ಸ್ ಸಿಮಿನೋ ನ್ಯೂಯಾರ್ಕ್‌ನವರು. ಓದುವಾಗ ಖರ್ಚಿಗೆ ಅಂತ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ರಕ್ತ ತೆಗೆಯೋ ಪಾರ್ಟ್‌ಟೈಮ್ ಕೆಲಸ ಮಾಡಿದ್ದರು. ತೋಳಿಗೆ ಪಟ್ಟಿ ಬಿಗಿದರೆ ನರ ಉಬ್ಬುತ್ತೆ, ಸೂಜಿ ಸಲೀಸಾಗಿ ಹೋಗುತ್ತೆ. ದಿನಾ ಮಾಡಿದ ಕೆಲಸ. ಡಾಕ್ಟರ್ ಆಗಿ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಗೆ ಬಂದಾಗ ಸಿಮಿನೋ ಮತ್ತು ಮೈಕಲ್ ಬ್ರೆಷಿಯಾ ಕೊಳವೆಯೇ ಇಲ್ಲದೆ, ಬರೀ ಪಟ್ಟಿ ಬಿಗಿದು ಸೂಜಿ ಚುಚ್ಚಿ ಡಯಾಲಿಸಿಸ್ ಮಾಡಿ ನೋಡಿದರು. ಕೆಲವರಲ್ಲಿ ಆಯ್ತು, ಬಹಳ ಜನರಲ್ಲಿ ರಕ್ತದ ಹರಿವು ಸಾಲಲಿಲ್ಲ.

ಹಾಗಾದರೆ ಅಭಿಧಮನಿಯನ್ನ ಸದಾ ಉಬ್ಬಿಯೇ ಇರೋ ಹಾಗೆ ಮಾಡೋದು ಹೇಗೆ? ಮಣಿಕಟ್ಟಿನಲ್ಲಿ ಅದನ್ನ ಪಕ್ಕದ ಅಪಧಮನಿಗೇ ಹೊಲಿದುಬಿಟ್ಟರೆ? ಅಪಧಮನಿಯ ಜೋರು ರಕ್ತ ನುಗ್ಗಿ ಅಭಿಧಮನಿ ವಾರಗಳಲ್ಲಿ ಹಿಗ್ಗಿ ದಪ್ಪಗಾಗುತ್ತೆ. ಸರ್ಜನ್ ಕೆನೆತ್ ಅಪೆಲ್ ಹೊಲಿದರು. 1966ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 14 ಆಪರೇಷನ್, ಅದರಲ್ಲಿ 12 ಯಶಸ್ವಿ. ಇದೇ ಫಿಸ್ಟುಲಾ.

ತಮಾಷೆ ಏನು ಗೊತ್ತಾ, ಫಿಸ್ಟುಲಾ ಹೊಸದೇನಲ್ಲ. 18ನೇ ಶತಮಾನದಲ್ಲಿ ಕಾಯಿಲೆಗೆಲ್ಲ ರಕ್ತ ಹರಿಸೋ ಚಿಕಿತ್ಸೆ ಇತ್ತಲ್ಲ, ಆಗ ಮೊಣಕೈ ಹತ್ತಿರ ಚಾಕು ತಪ್ಪಿ ಎರಡೂ ನಾಳ ತೂರಿ ಅವು ಕೂಡಿಕೊಂಡುಬಿಡ್ತಿದ್ದವು. ಲಂಡನ್‌ನ ವಿಲಿಯಂ ಹಂಟರ್ ಅದನ್ನ ರೋಗ ಅಂತ ವಿವರಿಸಿದ್ದರು. 200 ವರ್ಷ ಆದಮೇಲೆ ಬ್ರಾಂಕ್ಸ್‌ನಲ್ಲಿ ಅದೇ ತಪ್ಪನ್ನ ಬೇಕು ಅಂತ ಮಾಡಿ ಜೀವ ಉಳಿಸಿದರು.

ನಮ್ಮ ವಿಷಯಕ್ಕೆ ಬಂದರೆ, ಫಿಸ್ಟುಲಾದಲ್ಲಿ ಹೊರಗಿನ ವಸ್ತು ಒಂದೂ ಇಲ್ಲ. ಎಲ್ಲ ಅವರದೇ ಮಾಂಸ, ಅವರದೇ ನಾಳ, ಚರ್ಮದ ಒಳಗೆ. ಸೂಜಿಯ ತೂತನ್ನ ದೇಹ ತಾನೇ ಮುಚ್ಚುತ್ತೆ. ಬ್ಯಾಕ್ಟೀರಿಯಾ ಬಂದರೆ ಅಲ್ಲೇ ಹಿಡಿಯೋಕೆ ಜೀವಂತ ಗೋಡೆ ಇದೆ. ಮೂರು ಬಗೆ ಬಾಗಿಲಿನಲ್ಲಿ (ಫಿಸ್ಟುಲಾ, ಗ್ರಾಫ್ಟ್, ಕತ್ತಿನ ಕ್ಯಾಥೆಟರ್) ಸೋಂಕು ಅತಿ ಕಡಿಮೆ ಇರೋದು ಇವತ್ತಿಗೂ ಇದರಲ್ಲೇ.

ಭಾಗ 6

"ಹಾಗಾದ್ರೆ ಎಲ್ಲರಿಗೂ ಫಿಸ್ಟುಲಾನೇ ಮಾಡಬಹುದಿತ್ತಲ್ಲ?" ನಾನೂ ಮಾವನ ಡಾಕ್ಟರ್‌ಗೆ ಇದೇ ಕೇಳಿದ್ದು.

ಆಗಲ್ಲ. ಮೊದಲನೇದು ಸಮಯ. ಹೊಲಿದ ಮೇಲೆ ನಾಳ ಹಿಗ್ಗಿ ಸೂಜಿಗೆ ರೆಡಿ ಆಗೋಕೆ ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕು. ಎರಡನೇದು ನಾಳದ ಗುಣಮಟ್ಟ. ವರ್ಷಗಟ್ಟಲೆ ಶುಗರ್ ಇದ್ದವರು, ವಯಸ್ಸಾದವರು, ಹುಟ್ಟಾ ಸಣ್ಣ ನಾಳ ಇರೋರು, ಡ್ರಿಪ್ ಹಾಕಿ ಹಾಕಿ ಕೈ ನರವೆಲ್ಲ ಹಾಳಾದವರು, ಇವರಲ್ಲಿ ಹೊಲಿದರೂ ಅದು ಹಿಗ್ಗಲ್ಲ. ಮಾವನಿಗೆ 20 ವರ್ಷದಿಂದ ಶುಗರ್.

ಹೀಗಾಗಿ ಅಪಧಮನಿಗೂ ಅಭಿಧಮನಿಗೂ ನಡುವೆ ಒಂದು ಸೇತುವೆ ಬೇಕಾಯ್ತು. ಮೊದಲು ರೋಗಿಯ ತೊಡೆಯ ಅಭಿಧಮನಿಯನ್ನೇ ಕಿತ್ತು ಕೈಗೆ ಹಾಕಿದರು. 1970ರ ದಶಕದ ಶುರುವಿನಲ್ಲಿ ದನದ ಕತ್ತಿನ ಅಪಧಮನಿಯನ್ನ ಸಂಸ್ಕರಿಸಿ ಬಳಸಿದರು. ಹೌದು, ದನದ್ದೇ.

ಆಮೇಲೆ ಮತ್ತೆ ಬಂತು ನಮ್ಮ ತವಾ ಪ್ಲಾಸ್ಟಿಕ್! 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಸರಳನ್ನ ಬಿಸಿ ಮಾಡಿ ಹಿಗ್ಗಿಸೋಕೆ ನೋಡ್ತಿದ್ರು. ನಿಧಾನಕ್ಕೆ ಎಳೆದರೆ ಪಟ್ ಅಂತ ತುಂಡಾಗ್ತಿತ್ತು. ಸಿಟ್ಟು ಬಂದು ಒಂದೇ ಸಲಕ್ಕೆ ಜೋರಾಗಿ ಎಳೆದರು. ತುಂಡಾಗಲಿಲ್ಲ, ಉದ್ದ ಆಯ್ತು. ಒಳಗೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ, ಎಳೆ ಎಳೆ ಬಲೆ. ಅದರ ಹಾಳೆಯಿಂದ ಮಳೆ ತಡೆಯೋ ದುಬಾರಿ ಜಾಕೆಟ್ ಆಯ್ತು. ಅದರ ಕೊಳವೆಯಿಂದ ರಕ್ತನಾಳ ಆಯ್ತು. 1976ರ ಹೊತ್ತಿಗೆ ಡಯಾಲಿಸಿಸ್ ರೋಗಿಗಳ ಕೈಗೆ ಅದನ್ನ ಹಾಕಿದ ವರದಿ ಬಂತು. ಎರಡು ಮೂರು ವಾರಕ್ಕೇ ಸೂಜಿ ಚುಚ್ಚಬಹುದು. ಬೇಕಾದ ಉದ್ದ, ಬೇಕಾದ ಅಗಲ, ಪೆಟ್ಟಿಗೆಯಿಂದ ತೆಗೆದು ಹೊಲಿಯೋದಷ್ಟೇ.

ಮಾವನ ಕೈಯಲ್ಲಿರೋದು ಇದೇ ವಸ್ತು.

ಭಾಗ 7

ಈಗ ವಿಲನ್ ಎಂಟ್ರಿ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಗ್ಸಾಂಡರ್ ಆಗ್‌ಸ್ಟನ್ ಅನ್ನೋ ಸರ್ಜನ್ ರೋಗಿಯ ಕೀವನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿದರು. ದ್ರಾಕ್ಷಿ ಗೊಂಚಲಿನ ಥರ ದುಂಡು ದುಂಡು ಜೀವಿಗಳು. ಗ್ರೀಕ್‌ನಲ್ಲಿ ಗೊಂಚಲಿಗೆ ಸ್ಟಫಿಲೆ ಅಂತಾರೆ. ಹೆಸರು ಸ್ಟಫಿಲೋಕಾಕಸ್ ಅಂತಾಯ್ತು. ಗ್ರಾಫ್ಟ್ ಸೋಂಕಿನಲ್ಲಿ ಅತಿ ಹೆಚ್ಚು ಸಿಕ್ಕಿಬೀಳೋದು ಇದೇ ಕುಟುಂಬ.

ಇದು ಹೊರಗಿಂದ ಬಂದ ರಾಕ್ಷಸ ಅಂದುಕೊಳ್ಳಬೇಡಿ. ನಮ್ಮೆಲ್ಲರ ಚರ್ಮದ ಮೇಲೆ ಈ ಕುಟುಂಬದವರು ಸುಮ್ಮನೆ ಇರ್ತಾರೆ. ಇದರಲ್ಲೇ ಹೆಚ್ಚು ಅಪಾಯದ ಆರಿಯಸ್ ಅನ್ನೋದು ಬಹಳ ಜನರ ಮೂಗಲ್ಲೇ ಮನೆ ಮಾಡಿರುತ್ತೆ. ಆರಾಮಾಗಿ ಓಡಾಡ್ತಾ ಇರೋರ ಮೂಗಲ್ಲೂ.

ಹಾಗಾದರೆ ನಮಗೆ ಆಗದ್ದು ಮಾವನಿಗೆ ಯಾಕಾಯ್ತು? 1957ರಲ್ಲಿ ಬ್ರಿಟನ್ನಿನ ಎಲೆಕ್ ಮತ್ತು ಕೊನೆನ್ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರ ಇದೆ. ಸ್ವಯಂಸೇವಕರ ಚರ್ಮದೊಳಗೆ ಅವರು ಸ್ಟಫಿಲೋಕಾಕಸ್ ಚುಚ್ಚಿದರು. ಕೀವು ಆಗಬೇಕಾದರೆ 10 ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಬೇಕಾಯ್ತು. ಕಡಿಮೆ ಹಾಕಿದರೆ ದೇಹ ನುಂಗಿ ನೀರು ಕುಡೀತಿತ್ತು. ಆಮೇಲೆ ಅದೇ ಬ್ಯಾಕ್ಟೀರಿಯಾವನ್ನ ಹೊಲಿಗೆ ಹಾಕೋ ರೇಷ್ಮೆ ದಾರದ ಜೊತೆ ಇಟ್ಟರು. ಈ ಸಲ ಕೆಲವೇ ನೂರು ಸಾಕಾಯ್ತು.

ಮತ್ತೆ ಓದಿ. ಲಕ್ಷಗಟ್ಟಲೆ ಇದ್ದದ್ದು ನೂರಕ್ಕೆ ಇಳೀತು. ಬ್ಯಾಕ್ಟೀರಿಯಾ ಬಲಶಾಲಿ ಆಗಿದ್ದಕ್ಕಲ್ಲ, ಒಂದು ತುಂಡು ದಾರ ಅಲ್ಲಿ ಇದ್ದದ್ದಕ್ಕೆ. ಮಾವನ ಕೈಯಲ್ಲಿರೋದು ದಾರವಲ್ಲ, ಗೇಣುದ್ದದ ಕೊಳವೆ. ಅದಕ್ಕೆ ವರ್ಷಕ್ಕೆ 312 ತೂತು, ಪ್ರತಿ ತೂತೂ ಚರ್ಮದ ಮೇಲಿಂದ ಒಳಕ್ಕೆ ಒಂದು ದಾರಿ. ಫಿಸ್ಟುಲಾದ ಗೋಡೆ ಜೀವಂತ, ತೂತು ಕೂಡಿಕೊಳ್ಳುತ್ತೆ. ಪ್ಲಾಸ್ಟಿಕ್ ಕೂಡಿಕೊಳ್ಳಲ್ಲ, ಸುತ್ತಲಿನ ಮಾಂಸ ಬೆಳೆದು ಬಿರಡೆ ಹಾಕಬೇಕು ಅಷ್ಟೇ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿ ಗೋಡೆ ಚಿಂದಿಯಾಗುತ್ತೆ, ಮೇಲಿನ ಚರ್ಮ ತೆಳ್ಳಗಾಗುತ್ತೆ.

ಭಾಗ 8

"ಆ್ಯಂಟಿಬಯಾಟಿಕ್ ಕೊಟ್ರೆ ಆಯ್ತಪ್ಪ, ಕೈ ಯಾಕೆ ಕುಯ್ಯಬೇಕು?" ಅತ್ತೆ ಆಸ್ಪತ್ರೆ ಕಾರಿಡಾರಲ್ಲಿ ಅಳ್ತಾ ಕೇಳಿದ ಮಾತು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮನೆ ನೀರಿನ ತೊಟ್ಟಿ ಗೋಡೆ ಮೇಲೆ ಲೋಳೆ ಕಟ್ಟುತ್ತಲ್ಲ? ನೀರು ಚೆಲ್ಲಿದರೆ ಹೋಗಲ್ಲ, ತೆಂಗಿನ ನಾರು ಹಾಕಿ ಉಜ್ಜಬೇಕು. ಬಿಲ್ ಕಾಸ್ಟರ್ಟನ್ ಅನ್ನೋ ಕೆನಡಾದ ವಿಜ್ಞಾನಿ ಬೆಟ್ಟದ ತೊರೆಗಳಲ್ಲಿ ಕಲ್ಲಿನ ಮೇಲಿನ ಲೋಳೆಯನ್ನ ನೋಡ್ತಾ ಒಂದು ವಿಷಯ ಕಂಡುಕೊಂಡರು. ಹರಿಯೋ ನೀರಲ್ಲಿರೋದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಕಲ್ಲಿಗೆ ಅಂಟಿಕೊಂಡೇ ಬದುಕ್ತವೆ, ಲೋಳೆಯ ಹೊದಿಕೆ ಹೊದ್ದು. 1978ರಲ್ಲಿ ಇದನ್ನ ಸಾಮಾನ್ಯ ಓದುಗರಿಗೂ ತಿಳಿಯೋ ಹಾಗೆ ಬರೆದರು. ಬಯೋಫಿಲ್ಮ್ ಅನ್ನೋ ಪದ ಆಮೇಲೆ ಎಲ್ಲ ಕಡೆ ಹರಡಿತು. 1982ರಲ್ಲಿ ಅವರ ತಂಡವೇ ಸೋಂಕು ಹತ್ತಿದ ಪೇಸ್‌ಮೇಕರ್ ತಂತಿಯನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ, ಅದೇ ಲೋಳೆ, ಒಳಗೆ ಅದೇ ಸ್ಟಫಿಲೋಕಾಕಸ್.

ಗ್ರಾಫ್ಟ್‌ನಲ್ಲೂ ಇದೇ ಆಗೋದು. ಔಷಧಿ ರಕ್ತದಲ್ಲಿ ತೇಲೋ ಬ್ಯಾಕ್ಟೀರಿಯಾ ಕೊಲ್ಲುತ್ತೆ. ಜ್ವರ ಇಳಿಯುತ್ತೆ, ಮನೆಯವರು ದೇವರಿಗೆ ಕೈಮುಗೀತಾರೆ. ಕೊಳವೆಗೆ ಅಂಟಿಕೊಂಡಿರೋದು ಹೊದಿಕೆಯೊಳಗೆ ಕಾಯ್ತಾ ಇರುತ್ತೆ. ಕೋರ್ಸ್ ಮುಗಿದ ಮೇಲೆ ಮತ್ತೆ ಚಳಿಜ್ವರ. ಅದಕ್ಕೇ ಸೋಂಕಿತ ಗ್ರಾಫ್ಟ್‌ನ ಒಂದು ಭಾಗ ಅಥವಾ ಪೂರ್ತಿ ತೆಗೆಯಬೇಕಾಗೋದು.

ಇನ್ನೂ ಎರಡು ವಿಷಯ. 1986ರಲ್ಲಿ ಅಮೆರಿಕದ ಒಂದು ಅಧ್ಯಯನ ಡಯಾಲಿಸಿಸ್ ರೋಗಿಗಳ ಸ್ಟಫಿಲೋಕಾಕಸ್ ಸೋಂಕಿಗೂ ಅವರದೇ ಮೂಗಿನ ಬ್ಯಾಕ್ಟೀರಿಯಾಕ್ಕೂ ಇರೋ ನಂಟನ್ನ ತೋರಿಸಿತು. ಮೂಗಿಂದ ಬೆರಳಿಗೆ, ಬೆರಳಿಂದ ಕೈಗೆ, ಅಷ್ಟೇ ದೂರ. 1998ರಲ್ಲಿ ಅಯೂಸ್ ಮತ್ತು ಶೇಖ್ ಹಮದ್, ಹೆಪ್ಪುಗಟ್ಟಿ ಕೆಲಸ ನಿಲ್ಲಿಸಿದ ಹಳೇ ಗ್ರಾಫ್ಟ್‌ಗಳಲ್ಲೂ ಸೋಂಕು ಸದ್ದಿಲ್ಲದೆ ಅಡಗಿರಬಹುದು ಅಂತ ತೋರಿಸಿದರು. ಮೇಲೆ ಕೆಂಪಿಲ್ಲ, ನೋವಿಲ್ಲ, ಎಲ್ಲಿಂದಲೋ ಜ್ವರ ಮಾತ್ರ. ಕೈಬಿಟ್ಟ ಕೊಳವೆ ಅಂತ ಅದನ್ನ ಮರೆಯೋ ಹಾಗಿಲ್ಲ.

ಭಾಗ 9

ಸ್ವಲ್ಪ ನಮ್ಮ ಸಬ್ಜೆಕ್ಟ್‌ಗೆ ಬರೋಣ: ದುಡ್ಡು.

1972ರಲ್ಲಿ ಅಮೆರಿಕ ಕಾನೂನು ಮಾಡಿತು. ಕಿಡ್ನಿ ಪೂರ್ತಿ ಕೆಟ್ಟವರಿಗೆ ವಯಸ್ಸು ನೋಡದೆ ಸರ್ಕಾರಿ ವಿಮೆ. 1973ರ ಜುಲೈನಿಂದ ಜಾರಿ. ಆ ಏಳು ಜನರ ಸಮಿತಿಗೆ ಇನ್ನು ಕೆಲಸವಿಲ್ಲ. ಶುರುವಿನಲ್ಲಿ ಸುಮಾರು 10,000 ಇದ್ದ ರೋಗಿಗಳು ಲಕ್ಷಗಳಿಗೆ ಏರಿದರು. ಈಗ ವಯಸ್ಸಾದವರು, ಶುಗರ್ ಇದ್ದವರು ಎಲ್ಲರೂ ಬಂದರು. ಅವರ ನಾಳ ತೆಳು. ಡಾಕ್ಟರ್ ಹತ್ತಿರ ಬರೋದೂ ತಡವಾಗಿ. ಕಾಯೋಕೆ ಸಮಯ ಇಲ್ಲದವರಿಗೆ ಗ್ರಾಫ್ಟ್ ಸುಲಭದ ದಾರಿ.

ನೋಡ್ತಾ ನೋಡ್ತಾ ಅದೇ ರೂಢಿ ಆಯ್ತು. 2002ರಲ್ಲಿ ಬಂದ ಒಂದು ಅಂತರರಾಷ್ಟ್ರೀಯ ಹೋಲಿಕೆಯಲ್ಲಿ ಯುರೋಪಿನ ಡಯಾಲಿಸಿಸ್ ರೋಗಿಗಳಲ್ಲಿ ಫಿಸ್ಟುಲಾ ಇದ್ದವರು 80%. ಅದನ್ನ ಕಂಡುಹಿಡಿದ ಅಮೆರಿಕದಲ್ಲಿ 24%! ವಯಸ್ಸು, ಶುಗರ್ ಎಲ್ಲ ಲೆಕ್ಕಕ್ಕೆ ತಗೊಂಡರೂ ವ್ಯತ್ಯಾಸ ಉಳೀತು. ಅಂದರೆ ಎಲ್ಲವೂ ರೋಗಿಯ ನಾಳದ ತಪ್ಪಲ್ಲ, ಆಸ್ಪತ್ರೆಗಳ ಅಭ್ಯಾಸದ್ದೂ ಪಾಲಿತ್ತು. 2001ರ ಇನ್ನೊಂದು ಅಧ್ಯಯನದಲ್ಲಿ ಶುಗರ್ ಇರೋ ರೋಗಿಗಳಲ್ಲಿ ಸೋಂಕಿನಿಂದ ಆಗೋ ಸಾವು ಫಿಸ್ಟುಲಾ ಇದ್ದವರಿಗಿಂತ ಗ್ರಾಫ್ಟ್ ಇದ್ದವರಲ್ಲಿ ಎರಡು ಪಟ್ಟಿಗೂ ಹೆಚ್ಚು.

1997ರಲ್ಲಿ ಮಾರ್ಗಸೂಚಿ, 2003ರಲ್ಲಿ ಫಿಸ್ಟುಲಾನೇ ಮೊದಲು ಅನ್ನೋ ರಾಷ್ಟ್ರೀಯ ಅಭಿಯಾನ ಬಂತು. ಫಿಸ್ಟುಲಾ ಪ್ರಮಾಣ 60% ದಾಟಿತು. ಗೆದ್ದೆವು ಅಂದುಕೊಂಡಿರಾ? ಟಾರ್ಗೆಟ್ ಕೊಟ್ಟರೆ ಏನಾಗುತ್ತೆ ಅಂತ ಮ್ಯಾನೇಜ್‌ಮೆಂಟ್ ಓದಿದ ನಮಗೆ ಗೊತ್ತಲ್ಲ. ಹಿಗ್ಗದ ನಾಳಗಳಲ್ಲೂ ಫಿಸ್ಟುಲಾ ಮಾಡಿದರು. ಅದು ರೆಡಿ ಆಗೋವರೆಗೆ ರೋಗಿಯ ಕತ್ತಿನಲ್ಲಿ ಕ್ಯಾಥೆಟರ್. ಸೋಂಕಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅದೇ, ಸ್ಕ್ರಿಬ್ನರ್ ಕಾಲದ ಥರ ಚರ್ಮ ತೂರಿ ಹೊರಗೇ ಇರೋ ಕೊಳವೆ. ಇವತ್ತಿಗೂ ಅಲ್ಲಿ ಹೊಸದಾಗಿ ಡಯಾಲಿಸಿಸ್ ಶುರು ಮಾಡೋ ಸುಮಾರು 80% ಜನ ಕ್ಯಾಥೆಟರ್‌ನಿಂದಲೇ ಶುರು ಮಾಡ್ತಾರೆ.

2019ರ ಮಾರ್ಗಸೂಚಿ ದನಿ ತಗ್ಗಿಸಿತು. ಎಲ್ಲರಿಗೂ ಒಂದೇ ಬಾಗಿಲು ಬೇಡ, ಈ ಮನುಷ್ಯನಿಗೆ ಈಗ ಯಾವುದು ಸರಿ ಅಂತ ನೋಡಿ ಅಂತು. ನಾಳ ಚೆನ್ನಾಗಿಲ್ಲದ ವಯಸ್ಸಾದವರಿಗೆ ತಿಂಗಳುಗಟ್ಟಲೆ ಕ್ಯಾಥೆಟರ್‌ಗಿಂತ ಗ್ರಾಫ್ಟ್ ಎಷ್ಟೋ ವಾಸಿ. ಹಾಗಾಗಿ ಗ್ರಾಫ್ಟ್ ಹಾಕಿದ ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಬೇರೆ ವಿಷಯಕ್ಕೆ.

ಭಾಗ 10

ನಾವು ಮೂರು ದಿನ ಅರಿಶಿನ ಹಚ್ಚಿದ್ದಕ್ಕೆ. ಆಪರೇಷನ್ ಆಗಿ ಮನೆಗೆ ಕಳಿಸುವಾಗ ಮಾತ್ರೆ ಚೀಟಿ ಕೊಟ್ಟರು, ಬಿಲ್ ಕೊಟ್ಟರು. ಕೈಯಲ್ಲಿರೋದು ಪ್ಲಾಸ್ಟಿಕ್, ಅದರ ಮೇಲೆ ಕೆಂಪಾದರೆ ಅವತ್ತೇ ಓಡಿ ಬನ್ನಿ ಅಂತ ಒಂದು ವಾಕ್ಯ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಉಚಿತ ಡಯಾಲಿಸಿಸ್ ಸಿಗುತ್ತೆ. ಅಂದರೆ ನಿಮ್ಮ ಬೀದಿಯಲ್ಲೂ ಇಂಥ ಒಂದು ಕೈ ಇರಬಹುದು. ನಿಮ್ಮ ಅಜ್ಜಿಯದು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರದು. ಅದಕ್ಕೇ ನಮ್ಮನೆಯಲ್ಲಿ ಫ್ರಿಜ್ ಮೇಲೆ ಅಂಟಿಸಿರೋ ಚೀಟಿಯ ಫೋಟೋ ಹಾಕಿದ್ದೀನಿ, ಕೊನೇ ಸ್ಲೈಡ್. ಅತ್ತೆ ಅಕ್ಷರ, ಹೇಳಿದ್ದು ಈಗಿನ ನರ್ಸ್ ಅಕ್ಕ. ಓದೋಕೆ ಕಷ್ಟ ಆದರೆ ಇಲ್ಲಿದೆ: ಕೆಂಪು, ಬಿಸಿ, ಊತ, ನೋವು, ಕೀವು, ಚಳಿಜ್ವರ, ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ, ರಾತ್ರಿಯಾದರೂ ಸರಿ. ಗುರ್ ಅನ್ನೋದು ನಿಂತರೂ ಅವತ್ತೇ. ಆ ಕೈಯಲ್ಲಿ ಬಿಪಿ ನೋಡೋ ಹಾಗಿಲ್ಲ, ಡಯಾಲಿಸಿಸ್‌ಗೆ ಬಿಟ್ಟು ಬೇರೆ ಯಾವ ಸೂಜಿಯೂ ಇಲ್ಲ. ಪ್ರತಿ ಸಲ ಸೂಜಿ ಜಾಗ ಬದಲಾಗಬೇಕು. ಚುಚ್ಚೋ ಮೊದಲು ಸೋಪ್ ಹಾಕಿ ಕೈ ತೊಳೀಬೇಕು. ಮೂಗು ಮುಟ್ಟಿದ ಬೆರಳಲ್ಲಿ ಅಲ್ಲಿ ಕೆರೆಯಬಾರದು.

ಕಿಡ್ನಿ ಸ್ವಲ್ಪ ಸ್ವಲ್ಪವೇ ಕೆಡ್ತಿದೆ ಅಂತ ಡಾಕ್ಟರ್ ಹೇಳಿರೋರು ಮನೆಯಲ್ಲಿದ್ದರೆ, ಫಿಸ್ಟುಲಾ ಬಗ್ಗೆ ಈಗಲೇ ಕೇಳಿ. ಆ ಕೈ ನರಗಳಿಗೆ ಡ್ರಿಪ್ ಹಾಕಿಸಬೇಡಿ. ತಡ ಮಾಡಿದವರಿಗೆ ಆಯ್ಕೆ ಕಡಿಮೆ ಉಳಿಯುತ್ತೆ, ನಮಗೆ ಆದ ಹಾಗೆ.

ಇವತ್ತು ಬುಧವಾರ, ಮಾವನ ಡಯಾಲಿಸಿಸ್ ದಿನ. ನಾನೇ ಬೈಕಲ್ಲಿ ಬಿಟ್ಟು ಬಂದೆ. ಬಾಗಿಲಲ್ಲೇ ನರ್ಸ್ ಅಕ್ಕ, "ಅಂಕಲ್, ಕೈ ತೊಳೆದ್ರಾ?" ಅಂದರು. ಮಾವ ಏನೂ ಮಾತಾಡದೆ ಮೊಣಕೈವರೆಗೂ ಒದ್ದೆಯಾಗಿದ್ದ ಕೈ ಎತ್ತಿ ತೋರಿಸಿದರು. ಮನೇಲಿ ಒಂದು ಸಲ, ಆಸ್ಪತ್ರೆ ನಲ್ಲಿಯಲ್ಲಿ ಇನ್ನೊಂದು ಸಲ ತೊಳೆದಿದ್ದಾರೆ. ಲೈಫ್‌ಬಾಯ್ ವಾಸನೆ ನನ್ನ ಶರ್ಟಿಗೂ ಹತ್ತಿಕೊಂಡಿದೆ.